ಯುದ್ಧವೇ ನಡೆಯದ ಗಡಿಯಿಂದ ಬಂದವರಿಗೆ ಯುದ್ಧದ ಆಘಾತ ಇರಬಹುದೇ? ಮನೆಯವರು ಏನು ಮಾಡಬೇಕು?

ಪ್ರಶ್ನೆ: ಕಾರ್ಕಳ ಕಡೆಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಎರಡು ಬಾರಿ ಬರೆದು ಅಳಿಸಿದ್ದೇನೆ. ಉದ್ದವಾದರೆ ಕ್ಷಮಿಸಬೇಕು.

ನಮ್ಮ ಯಜಮಾನರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹದಿನೇಳು ವರ್ಷ ಸೇವೆ ಮಾಡಿ 2013ರಲ್ಲಿ ನಿವೃತ್ತರಾದರು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದ ಬಳಿಕ ಗಡಿಗೆ ಸೇನೆಯನ್ನು ಕಳುಹಿಸಿದ ಆಪರೇಷನ್ ಪರಾಕ್ರಮದ ಸಮಯದಲ್ಲಿ ಅವರು ರಾಜಸ್ಥಾನದಲ್ಲಿ ನೆಲಬಾಂಬ್ ಹೂಳುವ ತಂಡದಲ್ಲಿದ್ದರು. 2002ರ ಅಕ್ಟೋಬರಿನಲ್ಲಿ ಸೇನೆಯನ್ನು ಹಿಂದಕ್ಕೆ ಕರೆಸುವ ತೀರ್ಮಾನವಾದರೂ ಇವರ ಕೆಲಸ ಮುಗಿಯಲಿಲ್ಲ, ಏಕೆಂದರೆ ಹೂಳಿದ್ದನ್ನೆಲ್ಲ ಇವರೇ ತೆಗೆಯಬೇಕಾಗಿತ್ತು. ಹಾಗೆ ತೆಗೆಯುವಾಗ ಇವರ ಜೊತೆಗಾರರೊಬ್ಬರು ಕಾಲು ಕಳೆದುಕೊಂಡರು. ಇಷ್ಟನ್ನು ನನಗೆ ಹೇಳಿದವರು ನಮ್ಮ ಮನೆಗೆ ಒಮ್ಮೆ ಬಂದಿದ್ದ ಅವರ ಸ್ನೇಹಿತರೇ ಹೊರತು ಅವರಲ್ಲ. ನಮ್ಮ ಮದುವೆಯಾಗಿ ಇಪ್ಪತ್ತು ವರ್ಷಗಳಾದವು, ಇಂದಿಗೂ ಅವರು ಆ ವಿಷಯ ಎತ್ತಿಲ್ಲ.

ಅವರ ನಡಿಗೆಯಲ್ಲಿ ಏನೋ ವಿಶೇಷವಿದೆ ಎಂದು ಮದುವೆಯಾದ ಹೊಸತರಲ್ಲೇ ಗಮನಿಸಿದ್ದೆ. ತೋಟದಲ್ಲಿ ಜನ ನಡೆದು ಸವೆದ ದಾರಿಯನ್ನು ಬಿಟ್ಟು ಅವರು ಒಂದು ಹೆಜ್ಜೆಯನ್ನೂ ಆಚೆಗೆ ಇಡುವುದಿಲ್ಲ. ಅಡಿಕೆ ಮರಗಳ ಬುಡಕ್ಕೆ ಸೊಪ್ಪು ಹಾಕಿದ ಮೇಲಂತೂ ತೋಟದ ಒಳಗೇ ಹೋಗುವುದಿಲ್ಲ. ಮಳೆ ಹಿಡಿದು ಅಂಗಳದ ಬದಿಯಲ್ಲಿ ಹುಲ್ಲು ಗೇಣುದ್ದವಾದರೆ ಆ ದಿನವೇ ಆಳು ಕರೆಸಿ ಕೊಯ್ಯಿಸುತ್ತಾರೆ. ನಮ್ಮ ಮನೆಮಾತು ತುಳು, ಆದರೆ ಅವರು ನಿದ್ದೆಯಲ್ಲಿ ಕೂಗುವುದು ಹಿಂದಿಯಲ್ಲಿ. ಇದನ್ನೆಲ್ಲ ಅಭ್ಯಾಸ ಮಾಡಿಕೊಂಡು ಬಂದಿದ್ದೆವು.

ಈ ಒಂದೂವರೆ ವರ್ಷದಲ್ಲಿ ಪರಿಸ್ಥಿತಿ ಕೆಟ್ಟಿದೆ. ಬ್ಯಾಂಕಿನ ಕಾವಲು ಕೆಲಸವನ್ನು ಬಿಟ್ಟರು. 2025ರ ಮೇ ತಿಂಗಳಿನಲ್ಲಿ ಗಡಿಯ ಸುದ್ದಿ ಟಿ.ವಿ.ಯಲ್ಲಿ ಹಗಲು ರಾತ್ರಿ ಬರುತ್ತಿದ್ದಾಗ ಅವರು ಅದರ ಎದುರಿನಿಂದ ಏಳಲಿಲ್ಲ. ಆ ಬಳಿಕ ಮಿಲಿಟರಿ ಕ್ಯಾಂಟೀನಿನ ರಮ್ ರಾತ್ರಿಯ ಊಟಕ್ಕೆ ಮೊದಲು ಎಂಬುದು ಹೋಗಿ ಬೆಳಗಿನಿಂದಲೇ ಆರಂಭವಾಯಿತು. ರಾತ್ರಿ ಎರಡು ಗಂಟೆಗೆ ಎದ್ದು, ಸುಲಿಯಲೆಂದು ಜಗಲಿಯಲ್ಲಿ ರಾಶಿ ಹಾಕಿದ ತೆಂಗಿನಕಾಯಿಗಳನ್ನು ಎಣಿಸುತ್ತಾರೆ; ಲೆಕ್ಕ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಕಳೆದ ತಿಂಗಳು ಒಂಬತ್ತನೆಯ ತರಗತಿಯ ಮಗ ಚೆಂಡಿನ ಹಿಂದೆ ಹುಲ್ಲಿಗೆ ಓಡಿದಾಗ "ರುಕ್!" ಎಂದು ಕೂಗಿ ಅವನ ತೋಳನ್ನು ಹಿಡಿದು ಎಳೆದ ರಭಸಕ್ಕೆ ಅವನ ಭುಜ ಊದಿಕೊಂಡಿತು. ಆಮೇಲೆ ಎರಡು ದಿನ ಅವರು ಯಾರೊಂದಿಗೂ ಮಾತನಾಡಲಿಲ್ಲ.

ಅತ್ತೆಯವರು ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿ ದೈವಕ್ಕೆ ಹರಕೆ ಹೇಳಿಕೊಂಡಿದ್ದಾರೆ. ಭಾವನವರು, "ಕಾರ್ಗಿಲ್‌ಗೆ ಹೋದವರೇ ಸರಿಯಾಗಿದ್ದಾರೆ, ಇವನಿಗೇನು, ಯುದ್ಧವೇ ನಡೆದಿಲ್ಲವಲ್ಲ" ಎನ್ನುತ್ತಾರೆ. ವೈದ್ಯರ ಬಳಿಗೆ ಹೋಗೋಣ ಎಂದರೆ, "ನನಗೆ ಹುಚ್ಚು ಎಂದು ಬರೆಸಿ ಪಿಂಚಣಿ ನಿಲ್ಲಿಸಬೇಕೆಂದಿದ್ದೀಯಾ" ಎಂದು ಕೇಳುತ್ತಾರೆ. ಮಂಗ, ಹಂದಿ ಓಡಿಸಲು ಮಾವನವರ ಕಾಲದಿಂದ ಇರುವ ಕೋವಿಯನ್ನು ಮೊನ್ನೆ ಕೆಳಗಿಳಿಸಿ ಎಣ್ಣೆ ಹಾಕಿ ಒರೆಸುತ್ತಿದ್ದರು, ಅದೊಂದು ಕೆಲಸದಲ್ಲಿ ಮಾತ್ರ ಅವರು ಶಾಂತವಾಗಿದ್ದಂತೆ ಕಂಡಿತು.

ಇಷ್ಟು ವರ್ಷಗಳ ಮೇಲೆ ಇದು ಕಾಯಿಲೆಯಾಗಿ ಬರಲು ಸಾಧ್ಯವೇ? ಅವರನ್ನು ಯಾವ ದಾರಿಯಿಂದ ಕರೆದುಕೊಂಡು ಹೋಗಬೇಕು?


ಉತ್ತರ 1: ನಿವೃತ್ತ ಹವಾಲ್ದಾರ್, ಬಂಟ್ವಾಳ

ತಂಗಿ, ನೀವು ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ ಕೋವಿಯ ವಿಷಯವನ್ನು ನಾನು ಮೊದಲು ತೆಗೆದುಕೊಳ್ಳುತ್ತೇನೆ. ಅದು ಈ ವಾರವೇ ಮನೆಯಿಂದ ಹೊರಗೆ ಹೋಗಬೇಕು. ಚುನಾವಣೆ ಬಂದಾಗ ನಮ್ಮ ಜಿಲ್ಲೆಗಳ ಕೃಷಿಕರೆಲ್ಲ ಕೋವಿಯನ್ನು ಠಾಣೆಯಲ್ಲಿ ಇಟ್ಟು ರಸೀದಿ ತರುವುದು ನಿಮಗೆ ಗೊತ್ತಿರುವುದೇ. ಚುನಾವಣೆ ಇಲ್ಲದಾಗಲೂ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಕೋವಿ ಅಂಗಡಿಯಲ್ಲಿ ಇಡಲು ಕಾನೂನಿನಲ್ಲಿ ಅವಕಾಶವಿದೆ. ಕದ್ದು ಸಾಗಿಸಬೇಡಿ, ಸೈನಿಕನ ಕೈಯಿಂದ ಆಯುಧವನ್ನು ಅವನಿಗೆ ತಿಳಿಯದಂತೆ ತೆಗೆದರೆ ಅವನು ನಿಮ್ಮನ್ನು ಮತ್ತೆ ನಂಬುವುದಿಲ್ಲ. "ಮಗ ದೊಡ್ಡವನಾಗುತ್ತಿದ್ದಾನೆ, ಮನೆಯಲ್ಲಿ ಇದು ಬೇಡ, ನೀವೇ ಇಟ್ಟು ಬನ್ನಿ" ಎಂದು ಅವರಿಂದಲೇ ಆ ಕೆಲಸ ಮಾಡಿಸಿ. ಮಗನ ಭುಜದ ಘಟನೆಯ ಬಳಿಕ ಆ ಮಾತು ಅವರಿಗೆ ತಾಗುತ್ತದೆ ಎಂದು ನನ್ನ ಅನಿಸಿಕೆ.

ನಾನು 1987ರಿಂದ ಶ್ರೀಲಂಕೆಯಲ್ಲಿದ್ದ ಭಾರತದ ಶಾಂತಿಪಾಲನಾ ಪಡೆಯವನು. ಹೆಸರೇ ಶಾಂತಿಪಾಲನೆ ಎಂದು ಇದ್ದುದರಿಂದ, 1990ರಲ್ಲಿ ಊರಿಗೆ ಮರಳಿದಾಗ ನಾವು ಯುದ್ಧದಿಂದ ಬಂದವರೆಂದು ಯಾರಿಗೂ ಅನಿಸಿರಲಿಲ್ಲ. ಸಾವಿರಕ್ಕೂ ಹೆಚ್ಚು ಮಂದಿಯನ್ನು ಅಲ್ಲಿ ಕಳೆದುಕೊಂಡಿದ್ದೆವು. ನಿಮ್ಮ ಭಾವನವರು ಹೇಳಿದ ಮಾತನ್ನು ನನ್ನ ಸ್ವಂತ ಅಣ್ಣನೇ ನನಗೆ ಹೇಳಿದ್ದಾನೆ. ಕಾರ್ಗಿಲ್‌ಗೆ ಕನಿಷ್ಠ ಜುಲೈ 26 ಎಂಬ ಒಂದು ದಿನವಿದೆ, ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕಕ್ಕೆ ಹೋಗಿ ಹೂವಿಟ್ಟು ಬರಬಹುದು. ಮರಳಿನಲ್ಲಿ ಮೊಣಕಾಲೂರಿ ಬಾಂಬ್ ಹುಡುಕಿದವನಿಗೆ ಅಂತಹ ಒಂದು ದಿನವೂ ಇಲ್ಲ.

ನನ್ನ ಮನೆಯಾಕೆ ಮಾಡಿದ ಎರಡು ವ್ಯವಸ್ಥೆಗಳನ್ನು ಮಾತ್ರ ಹೇಳುತ್ತೇನೆ. ನಿದ್ದೆಯಲ್ಲಿ ಕೂಗಿದಾಗ ಅವಳು ನನ್ನನ್ನು ಮುಟ್ಟಿ ಎಬ್ಬಿಸುತ್ತಿರಲಿಲ್ಲ. ಒಮ್ಮೆ ಮುಟ್ಟಿ ನನ್ನ ಕೈಯಿಂದ ಪೆಟ್ಟು ತಿಂದಿದ್ದಳು. ಆ ಬಳಿಕ ಬಾಗಿಲ ಬಳಿ ನಿಂತು ದೀಪ ಹಾಕಿ ಹೆಸರು ಹಿಡಿದು ಕರೆದು, "ಇದು ಬಂಟ್ವಾಳ, ನೀವು ಮನೆಯಲ್ಲಿದ್ದೀರಿ" ಎಂದು ಹೇಳುತ್ತಿದ್ದಳು. ಎರಡನೆಯದು ಬೆಡಿಯ, ಅಂದರೆ ಸಿಡಿಮದ್ದಿನ, ವಿಷಯ. ನಮ್ಮೂರಿನ ಜಾತ್ರೆಯಲ್ಲಿ ಬೆಡಿ ಜೋರು, ಗರ್ನಾಲ್ ಸಿಡಿದರೆ ಹಂಚು ಅದುರುತ್ತದೆ. ಅವಳು ಜಾತ್ರೆಯ ಆಮಂತ್ರಣ ಪತ್ರಿಕೆಯಲ್ಲಿ ಬೆಡಿಯ ಗಂಟೆಗೆ ಕೆಂಪು ಗೆರೆ ಎಳೆದು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿಡುತ್ತಿದ್ದಳು. ಶಬ್ದ ಯಾವಾಗ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಗೊತ್ತಿಲ್ಲದೆ ಬಂದರೆ, ತಗಡಿನ ಮಾಡಿಗೆ ಒಂದು ತೆಂಗಿನಕಾಯಿ ಬಿದ್ದರೂ ಸಾಕು, ನಾನು ನೆಲದ ಮೇಲೆ ಮಲಗಿರುತ್ತಿದ್ದೆ.


ಉತ್ತರ 2: ಉಡುಪಿಯ ಓದುಗರೊಬ್ಬರು

ದೇಶಕ್ಕಾಗಿ ದುಡಿದ ಸೈನಿಕನನ್ನು ಮಾನಸಿಕ ರೋಗಿ ಎಂದು ಕರೆಯುವುದು ನನಗೆ ಸರಿಯೆಂದು ತೋರುವುದಿಲ್ಲ. ಪ್ರತಿದಿನ ಪ್ರಾಣಾಯಾಮ ಮಾಡಿಸಿ, ಮದ್ಯದ ಬಾಟಲಿಗಳನ್ನು ಇಂದೇ ಚರಂಡಿಗೆ ಸುರಿಯಿರಿ, ಎಲ್ಲವೂ ತಾನಾಗಿ ಸರಿಯಾಗುತ್ತದೆ.


ಉತ್ತರ 3: ಮನೋವೈದ್ಯೆ, ಮಂಗಳೂರು

ಮೇಲಿನ ಉತ್ತರದಲ್ಲಿರುವ ಒಂದು ಸಲಹೆ ಅಪಾಯಕಾರಿಯಾದುದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ತಿಂಗಳುಗಟ್ಟಲೆ ಬೆಳಗಿನಿಂದಲೇ ಕುಡಿಯುತ್ತಿರುವವರು ಒಂದೇ ದಿನದಲ್ಲಿ ಪೂರ್ತಿ ನಿಲ್ಲಿಸಿದರೆ ಕೈನಡುಕ, ಬೆವರು, ಭ್ರಮೆ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು, ಅದು ಪ್ರಾಣಕ್ಕೂ ಎರವಾಗಬಹುದು. ಕುಡಿತವನ್ನು ವೈದ್ಯರ ನಿಗಾದಲ್ಲಿ, ಔಷಧದ ಸಹಾಯದಿಂದ ಇಳಿಸಬೇಕು. ಬಾಟಲಿಯನ್ನು ಸುರಿಯಬೇಡಿ. ಹಾಗೆಯೇ ನಿದ್ದೆ ಬರಲೆಂದು ಔಷಧದ ಅಂಗಡಿಯಿಂದ ನಿದ್ದೆಮಾತ್ರೆ ತಂದು ಕೊಡಬೇಡಿ, ರಮ್ಮಿನೊಂದಿಗೆ ಅದು ಸೇರಿದರೆ ಉಸಿರಾಟವೇ ಕುಗ್ಗಬಹುದು. ಪ್ರಾಣಾಯಾಮಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಅದನ್ನು ಚಿಕಿತ್ಸೆಯ ಬದಲಿಗೆ ಇಡಲಾಗದು.

ಇನ್ನು ನಿಮ್ಮ ಪ್ರಶ್ನೆ. ಪರೀಕ್ಷಿಸದೆ ರೋಗದ ಹೆಸರು ಹೇಳುವುದು ಸರಿಯಲ್ಲ, ಆದರೆ ನೀವು ಬರೆದುದನ್ನು ಓದಿದ ಯಾವ ಮನೋವೈದ್ಯರೂ ಆಘಾತದ ನಂತರದ ಒತ್ತಡದ ಕಾಯಿಲೆಯನ್ನು, ಅಂದರೆ ಪಿ.ಟಿ.ಎಸ್.ಡಿ.ಯನ್ನು, ಮೊದಲು ಯೋಚಿಸುತ್ತಾರೆ. "ಯುದ್ಧವೇ ನಡೆದಿಲ್ಲವಲ್ಲ" ಎಂಬ ಮಾತಿಗೆ ನೂರು ವರ್ಷಗಳಿಗಿಂತ ಹಳೆಯ ಉತ್ತರವಿದೆ. ಮೊದಲ ಮಹಾಯುದ್ಧದ ಸೈನಿಕರ ಈ ಸ್ಥಿತಿಯ ಬಗ್ಗೆ 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ಬರೆದಾಗ ಅದಕ್ಕೆ ಶೆಲ್ ಶಾಕ್ ಎಂಬ ಹೆಸರಿತ್ತು. ಸಿಡಿದ ಶೆಲ್ಲಿನ ಅದುರುವಿಕೆಯಿಂದ ಮಿದುಳಿಗೆ ಪೆಟ್ಟಾಗಿ ಹೀಗಾಗುತ್ತದೆ ಎಂದು ಹಲವರು ಊಹಿಸಿದ್ದರು. ಆದರೆ ಸ್ಫೋಟದ ಹತ್ತಿರಕ್ಕೂ ಹೋಗದ ಸೈನಿಕರಲ್ಲಿ ಅವೇ ಲಕ್ಷಣಗಳು ಕಂಡುಬಂದವು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಈಗಿನ ಹೆಸರಿನಿಂದ ಇದನ್ನು ರೋಗಗಳ ಪಟ್ಟಿಗೆ ಸೇರಿಸಿತು. ಇಂದು ನಾವು ಹೆಚ್ಚು ನೆಚ್ಚುವ ಮಾತಿನ ಚಿಕಿತ್ಸೆಗಳಲ್ಲಿ ಎರಡು, ಮನಶ್ಶಾಸ್ತ್ರಜ್ಞೆಯರಾದ ಎಡ್ನಾ ಫೋವಾ ಮತ್ತು ಪೆಟ್ರಿಶಿಯಾ ರೆಸಿಕ್ ರೂಪಿಸಿದವು, ಆರಂಭದಲ್ಲಿ ಅತ್ಯಾಚಾರಕ್ಕೆ ಒಳಗಾದ ಮಹಿಳೆಯರಿಗೆಂದು ಸಿದ್ಧವಾದವು, ಸೈನಿಕರಿಗೆ ಬಂದದ್ದು ಆಮೇಲೆ. ಸಾವು ಅಥವಾ ಅಂಗಭಂಗ ತೀರ ಹತ್ತಿರದಲ್ಲಿ ಸುಳಿದಿರುವುದು ಮುಖ್ಯ. ಅದಕ್ಕೆ ಸರಕಾರವು ಯುದ್ಧ ಎಂದು ಹೆಸರಿಟ್ಟಿದೆಯೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ತಡವಾಗಿ ಏಕೆ? ನಿಮ್ಮ ವಿವರಣೆಯನ್ನು ನೋಡಿದರೆ ಅದು ತಡವಾಗಿ ಬಂದಿಲ್ಲ. ಸವೆದ ದಾರಿಯಲ್ಲಿ ಮಾತ್ರ ನಡೆಯುವುದು ಇಪ್ಪತ್ತು ವರ್ಷಗಳಿಂದ ಇದೆ. ನೆಲಬಾಂಬ್‌ಗಳ ನಡುವೆ ಅದು ಕಾಯಿಲೆಯಾಗಿರಲಿಲ್ಲ, ಜೀವ ಉಳಿಸಿದ ಕಸುಬಾಗಿತ್ತು. ಸೇನೆಯ ದಿನಚರಿಯೂ ಆಮೇಲೆ ಬ್ಯಾಂಕಿನ ಕಾವಲೂ ಆ ಎಚ್ಚರಕ್ಕೆ ಒಂದು ಉದ್ಯೋಗ ಕೊಟ್ಟಿದ್ದವು. ಅದು ತಪ್ಪಿದ ಮೇಲೆ, ಗಡಿಯ ಸುದ್ದಿಯೂ ಸೇರಿಕೊಂಡು, ಮುಚ್ಚಿದ್ದೆಲ್ಲ ಮೇಲೆ ಬಂದಿರಬಹುದು. ನಿವೃತ್ತಿಯ ನಂತರ ಅಥವಾ ಕೆಲಸ ಬಿಟ್ಟ ನಂತರ ಉಲ್ಬಣಿಸುವುದನ್ನು ನಾವು ಹಲವು ಬಾರಿ ನೋಡುತ್ತೇವೆ.

ತೆಂಗಿನಕಾಯಿ ಎಣಿಸುವ ವಿಷಯದಲ್ಲಿ ನನ್ನ ಮನಸ್ಸು ನಿಂತಿತು. ನೆಲಬಾಂಬ್ ಹೂಳುವಾಗ ಎಲ್ಲಿ, ಎಷ್ಟು ಎಂದು ನಕ್ಷೆಯಲ್ಲಿ ದಾಖಲಿಸುತ್ತಾರೆ, ತೆಗೆಯುವಾಗ ಆ ಲೆಕ್ಕ ತಾಳೆಯಾಗಬೇಕು. ಮರಳು ಸರಿಯುವ ಜಾಗದಲ್ಲಿ ಇಟ್ಟದ್ದು ಇಟ್ಟಲ್ಲಿ ಇರುವುದಿಲ್ಲ. ಸ್ನೇಹಿತನ ಕಾಲು ಹೋದುದು ತನ್ನ ಲೆಕ್ಕ ತಪ್ಪಿದ್ದರಿಂದ ಎಂಬ ಒಂದು ತೀರ್ಪನ್ನು ಅವರು ತಮಗೆ ತಾವೇ ಕೊಟ್ಟುಕೊಂಡಿದ್ದಾರೆಯೇ ಎಂದು ನನಗೆ ಅನುಮಾನ. ಇದು ನನ್ನ ಊಹೆ ಮಾತ್ರ, ನೀವು ಇದನ್ನು ಅವರ ಮುಂದೆ ಎತ್ತಬೇಡಿ. ಆದರೆ ರೆಸಿಕ್ ಅವರ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಹನ್ನೆರಡು ಭೇಟಿಗಳಲ್ಲಿ ಮಾಡುವ ಕೆಲಸ ಇದೇ: ಇಂತಹ ತೀರ್ಪನ್ನು ಕಾಗದದ ಮೇಲೆ ಬರೆಸಿ, ಆ ದಿನ ಅವರಿಗೆ ನಿಜವಾಗಿ ಏನು ತಿಳಿದಿತ್ತು, ಏನು ಅವರ ಕೈಯಲ್ಲಿ ಇರಲಿಲ್ಲ ಎಂದು ಒಂದೊಂದಾಗಿ ವಿಚಾರಿಸುವುದು. ಇನ್ನೊಂದು ವಿಧಾನದಲ್ಲಿ ತಪ್ಪಿಸಿಕೊಳ್ಳುತ್ತಿರುವ ನೆನಪನ್ನೂ ಜಾಗವನ್ನೂ ಸ್ವಲ್ಪಸ್ವಲ್ಪವಾಗಿ ಎದುರಿಸಲು ಅಭ್ಯಾಸ ಮಾಡಿಸುತ್ತಾರೆ, ಸೊಪ್ಪು ಹಾಕಿದ ತೋಟದೊಳಗೆ ನಾಲ್ಕು ಹೆಜ್ಜೆ ಎಂಬಂತೆ. ಅದನ್ನು ಮನೆಯವರು ತಾವಾಗಿ ಆರಂಭಿಸಬಾರದು. ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್ ಮುಂತಾದ ಔಷಧಗಳೂ ಇವೆ, ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ಚಿಕಿತ್ಸೆ ನೀಡುವವರು ತುಳು ಬಲ್ಲವರೋ ಹಿಂದಿ ಬಲ್ಲವರೋ ಎಂದು ಮೊದಲೇ ವಿಚಾರಿಸಿಕೊಳ್ಳಿ. ಆ ನೆನಪು ಹಿಂದಿಯಲ್ಲಿದ್ದರೆ ಅದನ್ನು ಹಿಂದಿಯಲ್ಲಿ ಹೇಳುವುದೇ ಅವರಿಗೆ ಸುಲಭವಾಗಬಹುದು.

ಹವಾಲ್ದಾರರು ಕೋವಿಯ ಬಗ್ಗೆ ಹೇಳಿದ್ದನ್ನು ದಯವಿಟ್ಟು ಪಾಲಿಸಿ. ಅದರೊಂದಿಗೆ, "ಸಾಯಬೇಕು ಎಂಬ ಯೋಚನೆ ಬರುತ್ತದೆಯೇ" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಆ ದಿನವೇ ಆಸ್ಪತ್ರೆಗೆ ಕರೆತನ್ನಿ. ರಾತ್ರಿಯ ಹೊತ್ತಿನಲ್ಲಿ ದಿಕ್ಕು ತೋಚದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಈ ಸೇವೆ ದಿನದ ಇಪ್ಪತ್ನಾಲ್ಕು ಗಂಟೆಯೂ ಕನ್ನಡದಲ್ಲಿ ದೊರೆಯುತ್ತದೆ. ನೀವು ನಿಮ್ಮ ಸಲುವಾಗಿಯೂ ಅಲ್ಲಿಗೆ ಮಾತನಾಡಬಹುದು. ನಿಮ್ಮ ನಿದ್ದೆಯ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ.


ಉತ್ತರ 4: ಸೈನಿಕರ ಮಗಳು, ಕುಂದಾಪುರ

ಅಕ್ಕ, ನಾನು ನಿಮ್ಮ ಮಗನ ಪರವಾಗಿ ಬರೆಯುತ್ತಿದ್ದೇನೆ. ನಮ್ಮ ಅಪ್ಪಯ್ಯ ಸಿಯಾಚಿನ್‌ನಿಂದ ಬಂದವರು. ಅವರು ಕೋಣೆ ಸೇರಿ ಬಾಗಿಲು ಹಾಕಿಕೊಂಡ ದಿನಗಳಲ್ಲಿ ಅಮ್ಮ ನಮಗೆ "ಅಪ್ಪಯ್ಯನಿಗೆ ತಲೆನೋವು, ಗಲಾಟೆ ಮಾಡಬೇಡಿ" ಎಂದಷ್ಟೇ ಹೇಳುತ್ತಿದ್ದರು. ಅದರಿಂದ ನಾನು ಕಲಿತುಕೊಂಡದ್ದು ಏನೆಂದರೆ ನನ್ನ ಗಲಾಟೆಯಿಂದ ಅಪ್ಪಯ್ಯನಿಗೆ ತಲೆನೋವು ಬರುತ್ತದೆ ಎಂಬುದು. ಹನ್ನೆರಡು ವರ್ಷದವಳು ಮನೆಯಲ್ಲಿ ಬೆರಳ ತುದಿಯ ಮೇಲೆ ನಡೆಯುತ್ತಿದ್ದೆ, ಸ್ಟೀಲಿನ ಲೋಟವನ್ನು ಕೆಳಗಿಡುವಾಗ ಅದರ ಅಡಿಗೆ ಅಂಗೈ ಕೊಡುತ್ತಿದ್ದೆ. ಇಂದಿಗೂ ನನ್ನ ಗಂಡನ ಮನೆಯಲ್ಲಿ ಹಾಗೆಯೇ ಇಡುತ್ತೇನೆ.

ಒಂಬತ್ತನೆಯ ತರಗತಿಯ ಹುಡುಗನಿಗೆ ನಿಜ ಹೇಳಬಹುದು. "ಅಪ್ಪ ಮಿಲಿಟರಿಯಲ್ಲಿ ನೆಲಬಾಂಬ್ ತೆಗೆಯುತ್ತಿದ್ದರು, ಹುಲ್ಲು ಕಂಡರೆ ಅವರ ಮೈಗೆ ಇಂದಿಗೂ ಆ ಭಯ ಬರುತ್ತದೆ, ಅಂದು ನಿನ್ನನ್ನು ಎಳೆದದ್ದು ನಿನ್ನ ಮೇಲಿನ ಸಿಟ್ಟಿನಿಂದ ಅಲ್ಲ, ಆದರೂ ನಿನಗೆ ನೋವಾದದ್ದು ತಪ್ಪೇ" ಎಂದು ನಾಲ್ಕು ಮಾತು ಸಾಕು. ಕೊನೆಯ ಆ ಭಾಗವನ್ನು ಬಿಡಬೇಡಿ. ಮತ್ತೆ ಅಂತಹ ಘಟನೆಯಾದರೆ ಅವನು ಎಲ್ಲಿಗೆ ಹೋಗಬೇಕು, ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದನ್ನೂ ಹೇಳಿಟ್ಟಿರಿ.

ಅತ್ತೆಯವರ ಹರಕೆಯ ವಿಷಯದಲ್ಲಿ ಜಗಳವಾಡಬೇಡಿ ಎಂದು ನನ್ನ ಅಭಿಪ್ರಾಯ. ನಮ್ಮ ಅಜ್ಜಿಗೆ ದೈವದ ದರ್ಶನದಲ್ಲಿ "ಮದ್ದನ್ನೂ ಮಾಡಿ, ನಾನೂ ಇದ್ದೇನೆ" ಎಂಬ ನುಡಿಯಾದ ಮೇಲೆಯೇ ಅವರು ಅಪ್ಪಯ್ಯನನ್ನು ವೈದ್ಯರ ಬಳಿಗೆ ಬಿಟ್ಟದ್ದು.


ಉತ್ತರ 5: ಸೇನೆಯ ಕಚೇರಿಯಲ್ಲಿದ್ದು ನಿವೃತ್ತನಾದವನು, ಮಂಗಳೂರು

ಪಿಂಚಣಿಯ ಭಯಕ್ಕೆ ಮಾತ್ರ ಉತ್ತರಿಸುತ್ತೇನೆ. ನಿವೃತ್ತಿಯ ಬಳಿಕ ಮನೋವೈದ್ಯರ ಚಿಕಿತ್ಸೆ ಪಡೆದರೆಂಬ ಕಾರಣಕ್ಕೆ ಸೇವಾ ಪಿಂಚಣಿಯನ್ನು ನಿಲ್ಲಿಸುವುದಿಲ್ಲ. ಇದನ್ನು ನಿಮ್ಮ ಬಾಯಿಂದ ಕೇಳುವುದಕ್ಕಿಂತ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮಂಗಳೂರಿನ ಕಚೇರಿಯಲ್ಲಿ ಕೇಳಿದರೆ ಅವರು ನಂಬಬಹುದು, ಬೇರೆ ಯಾವುದಾದರೂ ಕಾಗದದ ಕೆಲಸಕ್ಕೆಂದು ಜೊತೆಯಲ್ಲಿ ಹೋಗಿ ಆ ಪ್ರಶ್ನೆಯನ್ನೂ ಕೇಳಿಸಿ.

ಅಂಗವಿಕಲತೆಯ ಪಿಂಚಣಿ ಬೇರೆ ವಿಷಯ, ಚಿಕಿತ್ಸೆಗೆ ಅದನ್ನು ಗಂಟು ಹಾಕಬೇಡಿ. ಸೇರುವಾಗ ಆರೋಗ್ಯವಾಗಿದ್ದವನಿಗೆ ಸೇವೆಯಲ್ಲಿ ಬಂದ ಕಾಯಿಲೆಯ ವಿಷಯದಲ್ಲಿ ಸಂದೇಹದ ಲಾಭ ಸೈನಿಕನಿಗೇ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ನಿವೃತ್ತಿಯ ಸಮಯದ ವೈದ್ಯಕೀಯ ಮಂಡಳಿಯ ಕಾಗದದಲ್ಲಿ ಏನೂ ಇಲ್ಲದಿದ್ದರೆ ಹಾದಿ ಕಷ್ಟದ್ದು, ವರ್ಷಗಳೇ ಹಿಡಿಯಬಹುದು. ಡಿಸ್ಚಾರ್ಜ್ ಬುಕ್, ಪಿಂಚಣಿಯ ಆದೇಶ ಪತ್ರವಾದ ಪಿ.ಪಿ.ಓ., ಆ ಮಂಡಳಿಯ ಪ್ರತಿ, ಇನ್ನು ಮುಂದಿನ ಪ್ರತಿಯೊಂದು ಚೀಟಿ, ಇವನ್ನು ಒಂದು ಫೈಲಿನಲ್ಲಿ ಜೋಡಿಸಿಡಿ. ಸದ್ಯಕ್ಕೆ ಅಷ್ಟು ಸಾಕು.

2003ರ ಏಪ್ರಿಲ್ ಬಳಿಕ ಪಿಂಚಣಿಯೊಂದಿಗೆ ನಿವೃತ್ತರಾದವರಾದುದರಿಂದ ಅವರು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇ.ಸಿ.ಎಚ್.ಎಸ್.ನ ಸದಸ್ಯರಾಗಿಯೇ ಇರುತ್ತಾರೆ, ಪತ್ನಿಯಾಗಿ ನಿಮಗೂ ಕಾರ್ಡ್ ಇರಬೇಕು.


ಪ್ರಶ್ನೆ ಕೇಳಿದವರಿಂದ, ಹನ್ನೊಂದು ದಿನಗಳ ಬಳಿಕ

ಎಲ್ಲರ ಉತ್ತರಗಳನ್ನೂ ಮತ್ತೆ ಮತ್ತೆ ಓದಿದೆ. ಕೋವಿ ಠಾಣೆಯಲ್ಲಿದೆ. ಹವಾಲ್ದಾರರು ಬರೆದ ಮಾತನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮರುದಿನ ಬೆಳಗ್ಗೆ ಏನೂ ಕುಡಿಯದೆ ಅಂಗಿ ಇಸ್ತ್ರಿ ಮಾಡಿಕೊಂಡು ತಾವೇ ಹೋಗಿ ಇಟ್ಟು ಬಂದು ರಸೀದಿಯನ್ನು ನನ್ನ ಕೈಗೆ ಕೊಟ್ಟರು. ವೈದ್ಯೆಯವರು ಕೇಳಲು ಹೇಳಿದ ಪ್ರಶ್ನೆಯನ್ನೂ ಕೇಳಿದೆ. "ಮೊದಲು ಬರುತ್ತಿತ್ತು, ಮಗನ ಭುಜ ಊದಿದ ದಿನ ಬಹಳ ಬಂದಿತ್ತು" ಎಂದರು. ಈಗ ಇಲ್ಲವೆನ್ನುತ್ತಾರೆ. ಆದರೂ ಅಂದೇ ಕಾರ್ಕಳದ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಭಾವನವರೇ ಕಾರು ತಂದರು. ಅಲ್ಲಿನ ವೈದ್ಯರು ಕುಡಿತ ಇಳಿಸಲು ಐದು ದಿನ ಒಳಗೆ ಇಟ್ಟುಕೊಂಡರು. ಮನೆಗೆ ಬಂದು ನಾಲ್ಕು ದಿನವಾಯಿತು. ರಾತ್ರಿ ಎಣಿಸುವುದು ನಿಂತಿಲ್ಲ.

ಮುಂದಿನ ಚಿಕಿತ್ಸೆಗೆ ಮಂಗಳೂರಿಗೆ ಬರಲು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ತಮ್ಮ ಹಿಂದಿನ ಆ ಸ್ನೇಹಿತರು ಜೊತೆಯಲ್ಲಿ ಇರಬೇಕಂತೆ. ಅವರು ಕೇರಳದವರು, ಕೃತಕ ಕಾಲು ಹಾಕಿಕೊಂಡು ಓಡಾಡುತ್ತಾರೆ. ಫೋನ್ ಮಾಡಿದೆ, ರೈಲಿನಲ್ಲಿ ಬರುತ್ತೇನೆಂದು ಹೇಳಿದ್ದಾರೆ. ನೇರವಾಗಿ ಮನೋವೈದ್ಯರ ಬಳಿಗೆ ಹೋಗಬಹುದೇ, ಅಥವಾ ಮೊದಲು ಇ.ಸಿ.ಎಚ್.ಎಸ್.ನ ಪಾಲಿಕ್ಲಿನಿಕ್‌ಗೆ ಹೋಗಬೇಕೇ?


ಉತ್ತರ 6: ನಿವೃತ್ತ ಹವಾಲ್ದಾರ್, ಬಂಟ್ವಾಳ

ತುರ್ತು ಇಲ್ಲದಿದ್ದರೆ ಮೊದಲು ಮಂಗಳೂರಿನ ಇ.ಸಿ.ಎಚ್.ಎಸ್. ಪಾಲಿಕ್ಲಿನಿಕ್, ಅಲ್ಲಿಂದ ರೆಫರಲ್ ಪತ್ರ ಪಡೆದು ಅವರ ಪಟ್ಟಿಯಲ್ಲಿರುವ ಆಸ್ಪತ್ರೆಗೆ. ಬೆಳಗ್ಗೆ ಬೇಗ ಹೊರಡಿ, ಟೋಕನ್‌ಗೆ ಸಾಲು ಇರುತ್ತದೆ. ಕಾರ್ಡ್, ಕಾರ್ಕಳ ಆಸ್ಪತ್ರೆಯ ಚೀಟಿ, ಎರಡೆರಡು ಜೆರಾಕ್ಸ್ ಇರಲಿ. ನಿಮ್ಮ ಸ್ನೇಹಿತರು ಬರುವ ರೈಲಿನ ಸಮಯ ತಿಳಿಸಿ ತಂಗಿ, ಸೆಂಟ್ರಲ್ ಸ್ಟೇಷನ್‌ಗೆ ನಾನು ಬರುತ್ತೇನೆ.